ಲಕ್ಷ್ಯವಿಲ್ಲದ ಹುಡುಗಿ

(ಬಾನುಲಿ ಭಾಷಣ)



ವಿಜಯಪುರ, ಬಬಲೇಶ್ವರ, ತಿಕೋಟಾ ಸೀಮೆಯ ಆಡುಮಾತಿನಲ್ಲಿ 'ಲಕ್ಷ್ಯ' ಎಂಬ ಶಬ್ದಕ್ಕೆ ಇರುವಷ್ಟು ಬಳಕೆ ಬೇರೆ ಸಂಸ್ಕೃತ ಶಬ್ದಗಳಿಗೆ ಇರಲಿಕ್ಕಿಲ್ಲ. ಗಮನವೆಂಬುದು ಪುಸ್ತಕದ ಮಾತು, ಲಕ್ಷ್ಯವೆಂಬುದು ಮನೆಯ ಮಾತು. 'ಹಾಲಿನ ಕಡೆ ಲಕ್ಷ್ಯ ಇರಲಿ', 'ಅಭ್ಯಾಸದ ಕಡೆ ಲಕ್ಷ್ಯ ಕೊಡು', 'ನಿನ್ನ ಲಕ್ಷ್ಯ ಎಲ್ಲೈತಿ?' ಇಂಥ ಮಾತುಗಳನ್ನು ಕೇಳದೆ ಬೆಳೆದ ಮಗು ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಹೆಚ್ಚಿನ ಮಕ್ಕಳು ಅದನ್ನು ಕೇಳಿದ ಗಳಿಗೆಯಲ್ಲೇ ಮರೆತು ಆಡಲು ಓಡುತ್ತಾರೆ. ಆದರೆ ಕೆಲವರಿಗೆ ಆ ಪ್ರಶ್ನೆ ದಿನಕ್ಕೆ ಹತ್ತು ಸಲ ಎದುರಾಗುತ್ತದೆ, ವರುಷಗಟ್ಟಲೆ ಎದುರಾಗುತ್ತದೆ. ಅದಕ್ಕೆ ಉತ್ತರವೇನೆಂಬುದು ಅವರಿಗೂ ತಿಳಿಯದು. ಅಂಥ ಮಗು ಹೆಣ್ಣಾಗಿದ್ದರೆ ಅದರ ಅಂತರಂಗದಲ್ಲಿ ಏನು ನಡೆಯುತ್ತದೆ ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ಮನಸ್ಸು ಒಂದೆಡೆ ನಿಲ್ಲದೆಂಬುದು ಕನ್ನಡ ಸಾಹಿತ್ಯಕ್ಕೆ ಹೊಸ ಸಂಗತಿಯಲ್ಲ. ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರೇ ತಮ್ಮ ಮನಸ್ಸನ್ನು ಕೋತಿಗೆ ಹೋಲಿಸಿ ನೊಂದುಕೊಂಡವರು. ಚಾಂಚಲ್ಯವು ಮನುಷ್ಯಮಾತ್ರರಿಗೆಲ್ಲ ಇದ್ದದ್ದು, ಅದನ್ನು ಸಾಧನೆಯಿಂದ ಗೆಲ್ಲಬೇಕು ಎಂಬುದು ನಮಗೆ ಪರಂಪರೆಯಿಂದ ಬಂದ ತಿಳಿವಳಿಕೆ. ಸಾಧಕರ ಮಟ್ಟಿಗೆ ಅದು ನಿಜ. ಆದರೆ ಅದೇ ತಿಳಿವಳಿಕೆಯನ್ನು ನಾವು ಒಂಬತ್ತು ವರುಷದ ಹುಡುಗಿಗೂ ಹಚ್ಚುತ್ತೇವೆ. ಅವಳ ಲಕ್ಷ್ಯ ನಿಲ್ಲದಿದ್ದರೆ ಅವಳಿಗೆ ಮನಸ್ಸಿಲ್ಲ, ಶ್ರದ್ಧೆಯಿಲ್ಲ, ಜವಾಬ್ದಾರಿಯಿಲ್ಲ ಎಂದು ತೀರ್ಮಾನಿಸುತ್ತೇವೆ. ಮೆದುಳಿನ ಬೆಳವಣಿಗೆಗೆ ಸೇರಿದ ಸಂಗತಿಯೊಂದು ಹೀಗೆ ಗುಣದೋಷದ ಲೆಕ್ಕಕ್ಕೆ ಸೇರಿಬಿಡುತ್ತದೆ.

ವೈದ್ಯಶಾಸ್ತ್ರದಲ್ಲಿ ಈ ಸ್ಥಿತಿಗೆ ಅಟೆನ್ಶನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್, ಸಂಕ್ಷೇಪವಾಗಿ ಎ.ಡಿ.ಎಚ್.ಡಿ. ಎಂದು ಹೆಸರು. ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ನಾವು ಕನ್ನಡಿಸಿಕೊಳ್ಳಬಹುದು. ಲೋಕದ ಬೇರೆಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಲೆಕ್ಕ ಹಾಕಿದಾಗ, ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇದೆಯೆಂದು ಕಂಡುಬಂದಿತು. ಇದು ಬಹುಮಟ್ಟಿಗೆ ವಂಶದಲ್ಲಿ ಹರಿದುಬರುವಂಥದು. ತಾಯಿತಂದೆಯರ ಮುದ್ದಿನಿಂದ ಬಂದುದಲ್ಲ, ಮೊಬೈಲಿನಿಂದ ಹುಟ್ಟಿದ್ದೂ ಅಲ್ಲ. ರಕ್ತಪರೀಕ್ಷೆಯಿಂದ ಇದನ್ನು ಕಂಡುಹಿಡಿಯಲು ಬಾರದು. ಲಕ್ಷಣಗಳು 12 ವರುಷದೊಳಗೆ ತಲೆದೋರಿರಬೇಕು, ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ತೋರಬೇಕು, ಬದುಕಿಗೆ ಅಡ್ಡಿಯಾಗುವಷ್ಟು ಇರಬೇಕು. ಇವನ್ನೆಲ್ಲ ವಿಚಾರಿಸಿಯೇ ವೈದ್ಯರು ನಿರ್ಣಯಿಸುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಮಕ್ಕಳಲ್ಲಿ ಲಕ್ಷ್ಯವೇ ಇಲ್ಲವೆಂದಲ್ಲ. ಅದನ್ನು ಬೇಕಾದಾಗ ಬೇಕಾದ ಕಡೆ ತಿರುಗಿಸುವ, ಬೇಸರದ ಕೆಲಸದ ಮೇಲೆ ನಿಲ್ಲಿಸುವ ಶಕ್ತಿ ಕಡಿಮೆ. ಲೆಕ್ಕದ ಪುಸ್ತಕದ ಮುಂದೆ ಹತ್ತು ನಿಮಿಷ ಕೂಡಲಾರದ ಹುಡುಗಿ ಹಬ್ಬದ ದಿನ ರಂಗೋಲಿಯ ಮುಂದೆ ಎರಡು ತಾಸು ಮೈಮರೆತು ಕೂಡಬಲ್ಲಳು. ನೋಡಿದವರು, 'ಬೇಕಾದದ್ದಕ್ಕ ಲಕ್ಷ್ಯ ಬರತೈತಿ, ಬ್ಯಾಡಾದದ್ದಕ್ಕ ಇಲ್ಲ' ಎಂದುಬಿಡುತ್ತಾರೆ. ಅವಳಲ್ಲಿರುವ ಶಕ್ತಿಯೇ ಹೀಗೆ ಅವಳ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಈ ತೊಂದರೆಯನ್ನು ಗುರುತಿಸಿದ ಚರಿತ್ರೆಯಲ್ಲಿ ಹುಡುಗಿಯರು ಬಹುಕಾಲ ಕಾಣಿಸಿಕೊಳ್ಳಲೇ ಇಲ್ಲ. ಜರ್ಮನಿಯ ಫ್ರಾಂಕ್‌ಫುರ್ಟಿನ ವೈದ್ಯ ಹೈನ್ರಿಕ್ ಹಾಫ್‌ಮನ್ 1840ರ ದಶಕದಲ್ಲಿ ಮಕ್ಕಳಿಗಾಗಿ ರಚಿಸಿದ ಚಿತ್ರಪದ್ಯಗಳಲ್ಲಿ, ಊಟದ ಮೇಜಿನ ಮುಂದೆ ಸುಮ್ಮನೆ ಕೂಡಲಾರದ ಫಿಲಿಪ್ ಬರುತ್ತಾನೆ, ಆಕಾಶ ನೋಡುತ್ತ ನಡೆದು ನೀರಿಗೆ ಬೀಳುವ ಹಾನ್ಸ್ ಬರುತ್ತಾನೆ. ಇಬ್ಬರೂ ಹುಡುಗರೇ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಕೊಟ್ಟ ಪ್ರಸಿದ್ಧ ಉಪನ್ಯಾಸಗಳಲ್ಲಿ, ಬುದ್ಧಿಗೆ ಕೊರತೆಯಿಲ್ಲದೆಯೂ ಮನಸ್ಸನ್ನು ಹಿಡಿತದಲ್ಲಿ ಇಟ್ಟುಕೊಳ್ಳಲಾರದ 20 ಮಕ್ಕಳ ವಿವರ ಬರುತ್ತದೆ. ಅವರಲ್ಲಿ ಹುಡುಗಿಯರು 5 ಮಂದಿ ಮಾತ್ರ. ಆ ವೈದ್ಯರು ಇದನ್ನು ನೈತಿಕ ನಿಯಂತ್ರಣದ ದೋಷವೆಂದೇ ಕರೆದರು. ವೈದ್ಯಶಾಸ್ತ್ರ ಆ ಹೆಸರನ್ನು ಬಿಟ್ಟು ಎಷ್ಟೋ ಕಾಲವಾಯಿತು. ನಮ್ಮ ಮನೆಗಳು ಮಾತ್ರ ಇನ್ನೂ ಬಿಟ್ಟಿಲ್ಲ.

1944ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪನಿಜೋನ್ ಇಂದಿಗೂ ಬಳಕೆಯಲ್ಲಿರುವ ಮಿಥೈಲ್‌ಫೆನಿಡೇಟ್ ಎಂಬ ಔಷಧಿಯನ್ನು ತಯಾರಿಸಿದರು. ತಮ್ಮ ಮಡದಿ ರೀಟಾಳ ಹೆಸರಿನ ಮೇಲೆ ಅದಕ್ಕೆ ರಿಟಾಲಿನ್ ಎಂದು ಹೆಸರಾಯಿತು. ಹೆಸರು ಹೆಣ್ಣಿನದಾದರೂ ಮುಂದೆ ಎಷ್ಟೋ ದಶಕ ಆ ಔಷಧಿ ಮುಟ್ಟಿದ್ದು ಹೆಚ್ಚಾಗಿ ಗಂಡುಮಕ್ಕಳನ್ನು. 1968ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಸ್ಥಿತಿಗೆ ಸ್ಥಾನ ದೊರೆತಾಗ ಅದರ ಹೆಸರಿನಲ್ಲಿ ಇದ್ದದ್ದು ಅತಿಚಟುವಟಿಕೆ ಒಂದೇ. ಅತಿಚಟುವಟಿಕೆ ಇಲ್ಲದೆಯೂ ಅವಧಾನದ ಕೊರತೆ ಇರಬಹುದೆಂದು ಆ ಕೈಪಿಡಿ ಒಪ್ಪಿದ್ದು 1980ರಲ್ಲಿ. ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕೂಡುವ ಹುಡುಗಿಗೆ ಶಾಸ್ತ್ರದಲ್ಲಿ ಮೊದಲ ಸಲ ಒಂದು ಮಣೆ ಸಿಕ್ಕಿತು. ಈ ತೊಂದರೆಯಲ್ಲಿ ಗಂಡುಹೆಣ್ಣುಗಳ ಭೇದವನ್ನೇ ಕುರಿತು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಸಮ್ಮೇಳನ ನಡೆಸಿದ್ದು 1994ರಲ್ಲಿ. ಸ್ಟಿಲ್ ಅವರ ಉಪನ್ಯಾಸಗಳಾಗಿ ಆ ಹೊತ್ತಿಗೆ 92 ವರುಷ ಕಳೆದಿದ್ದವು.

ಹುಡುಗಿ ಏಕೆ ಕಾಣಲಿಲ್ಲ? ಕಾರಣ ಸರಳವಾಗಿದೆ. ಹುಡುಗನ ಚಂಚಲತೆ ಎದ್ದು ಓಡುತ್ತದೆ, ಬೆಂಚು ಹಾರುತ್ತದೆ, ಪಕ್ಕದವನನ್ನು ಚಿವುಟುತ್ತದೆ. ಅದರಿಂದ ಮಾಸ್ತರರಿಗೆ ತೊಂದರೆ, ತರಗತಿಗೆ ತೊಂದರೆ. ಆದ್ದರಿಂದ ತಂದೆಗೆ ಕರೆ ಹೋಗುತ್ತದೆ. ಹುಡುಗಿಯ ಚಂಚಲತೆ ಬಹುಮಟ್ಟಿಗೆ ಒಳಗೇ ಓಡಾಡುತ್ತದೆ. ಅವಳು ಬೆಂಚಿನ ಮೇಲೆ ಕೈಕಟ್ಟಿ ಕೂತಿರುತ್ತಾಳೆ, ಮನಸ್ಸು ಮಾತ್ರ ಊರ ಹೊರಗಿನ ಜೋಳದ ಹೊಲ ದಾಟಿ ಹೋಗಿರುತ್ತದೆ. ಅದರಿಂದ ತೊಂದರೆ ಅವಳೊಬ್ಬಳಿಗೇ. ಇನ್ನು ಓಡಾಡುವ, ಒಂದೇ ಸವನೆ ಮಾತಾಡುವ ಹುಡುಗಿಯರೂ ಉಂಟು. ಅವರಿಗೆ ಸಿಗುವುದು ವೈದ್ಯರ ಭೇಟಿಯಲ್ಲ, 'ಗಂಡುಬೀರಿ', 'ಬಾಯಿಬಡಕಿ' ಎಂಬ ಬಿರುದುಗಳು. ಚಿಕಿತ್ಸಾಲಯಕ್ಕೆ ಬರುವ ಮಕ್ಕಳಲ್ಲಿ ಗಂಡುಮಕ್ಕಳ ಪ್ರಮಾಣ ಬಹಳ ಹೆಚ್ಚು. ಊರುಕೇರಿಗಳಿಗೇ ಹೋಗಿ ಸಮೀಕ್ಷೆ ಮಾಡಿದಾಗ ಆ ಅಂತರ ಬಹಳಷ್ಟು ಇಳಿಯುತ್ತದೆ. ದೊಡ್ಡವರಲ್ಲಿ ನೋಡಿದರೆ ಗಂಡುಹೆಣ್ಣುಗಳ ಸಂಖ್ಯೆ ಸಮಕ್ಕೆ ಸಮೀಪಿಸುತ್ತದೆ. ಎಂದರೆ ಹುಡುಗಿಯರು ಇದ್ದರು. ಅವರನ್ನು ಕರೆತಂದವರು ಇರಲಿಲ್ಲ.

ಬಬಲೇಶ್ವರ ಸೀಮೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಇದು ಕಲ್ಪನೆಯ ಮನೆ, ಆದರೆ ಅಪರೂಪದ ಮನೆಯಲ್ಲ. ಅವ್ವ ನಸುಕಿನಲ್ಲೇ ದ್ರಾಕ್ಷಿ ತೋಟದ ಕೂಲಿಗೆ ಹೋಗಿದ್ದಾಳೆ. ಹನ್ನೊಂದು ವರುಷದ ಮಗಳಿಗೆ ಹೇಳಿಹೋದ ಕೆಲಸಗಳು ಇವು: ನಳ ಬಂದಾಗ ನೀರು ತುಂಬಬೇಕು, ಒಲೆಯ ಮೇಲಿನ ಹಾಲು ನೋಡಬೇಕು, ತಮ್ಮನನ್ನು ಅಣಿಮಾಡಬೇಕು, ಆಕಳ ಕರುವಿಗೆ ಮೇವು ಹಾಕಬೇಕು, ಬಾಗಿಲಿಗೆ ಕೀಲಿ ಹಾಕಿ ಶಾಲೆಗೆ ಹೋಗಬೇಕು. ಐದೂ ಸಣ್ಣ ಕೆಲಸಗಳೇ. ಆದರೆ ಐದನ್ನೂ ಕ್ರಮವಾಗಿ ನೆನಪಿನಲ್ಲಿ ಇಟ್ಟುಕೊಂಡು, ಒಂದನ್ನು ಮಾಡುವಾಗ ಇನ್ನೊಂದರ ಮೇಲೆ ಕಣ್ಣಿಟ್ಟು ಮುಗಿಸುವುದು ಇದೆಯಲ್ಲ, ಆ ಶಕ್ತಿಯೇ ಅವಳಲ್ಲಿ ಕಡಿಮೆ. ನೀರು ತುಂಬುವಾಗ ಹಾಲು ಉಕ್ಕುತ್ತದೆ. ಒಲೆ ಒರೆಸುವಾಗ ಕರು ಮರೆಯುತ್ತದೆ. ಸಂಜೆ ಅವ್ವ ಬಂದು ನೋಡಿದರೆ ಬಾಗಿಲಿಗೆ ಕೀಲಿಯೇ ಇಲ್ಲ.

'ಇಂಥಾಕಿ ನಾಳೆ ಗಂಡನ ಮನ್ಯಾಗ ಹೆಂಗ ಬಾಳ್ವೆ ಮಾಡ್ತಿ?'

ಈ ಮಾತನ್ನು ಅವ್ವ ದ್ವೇಷದಿಂದ ಆಡುವುದಿಲ್ಲ, ದಣಿವಿನಿಂದ ಮತ್ತು ಭಯದಿಂದ ಆಡುತ್ತಾಳೆ. ಅದೇ ಮನೆಯ ಮಗನಿಗೂ ಇದೇ ತೊಂದರೆ ಇದ್ದಿರಬಹುದು. ಆದರೆ ಅವನ ಕೈಗೆ ಹಾಲು ಕಾಯುವ ಕೆಲಸವನ್ನು ಯಾರೂ ಕೊಟ್ಟಿಲ್ಲ. ಅವನು ಪೆನ್ನು ಕಳೆದುಕೊಂಡರೆ, 'ಗಂಡು ಹುಡುಗರು ಹಂಗ ಇರ್ತಾವ' ಎಂದು ತೇಲಿಸಿಬಿಡುತ್ತಾರೆ. ಹುಡುಗಿಯ ಯೋಗ್ಯತೆಯನ್ನು ಮಾತ್ರ ನಮ್ಮ ಸಮಾಜ ಅಚ್ಚುಕಟ್ಟುತನ, ನೆನಪು, ತಾಳ್ಮೆ ಎಂಬ ಮೂರು ತೂಕದ ಕಲ್ಲುಗಳಿಂದ ತೂಗುತ್ತದೆ. ಆ ಮೂರೂ ಅವಳಿಗೆ ಅತ್ಯಂತ ಭಾರವಾದ ಕಲ್ಲುಗಳೇ. ಆದ್ದರಿಂದ ಅವಳ ಮರೆವು ಅವಳ ನಡತೆಯ ಮೇಲಿನ ತೀರ್ಪಾಗಿ ಪರಿಣಮಿಸುತ್ತದೆ.

ಇನ್ನು ಅವಳ ಒಳಗಿನ ಮಾತು. ಮಗುವಿಗೆ ತನ್ನ ಮೆದುಳು ಬೇರೆಯವರ ಮೆದುಳಿಗಿಂತ ಭಿನ್ನವೆಂದು ತಿಳಿಯಲು ದಾರಿಯಿಲ್ಲ. ತಾನು ಪ್ರಯತ್ನಪಟ್ಟದ್ದು ಅವಳಿಗೆ ಗೊತ್ತು, ಫಲಿಸದ್ದೂ ಗೊತ್ತು. ಗೆಳತಿಯರಿಗೆ ಅದು ಸಲೀಸಾಗಿ ಆಗುವುದನ್ನೂ ಅವಳು ಕಾಣುತ್ತಾಳೆ. ಈ ಮೂರನ್ನು ಕೂಡಿಸಿ ಅವಳು ತೆಗೆಯುವ ಉತ್ತರ ಒಂದೇ: 'ನಾನೇ ಸರಿಯಿಲ್ಲ.' ಹುಚ್ಚಿ, ಮರಗುಳಿ, ಮಂಕಿ, ಮೈಗಳ್ಳಿ ಎಂದು ಹೊರಗಿನವರು ಕೊಟ್ಟ ಹೆಸರುಗಳನ್ನು ಕ್ರಮೇಣ ಅವಳೇ ತನಗೆ ಇಟ್ಟುಕೊಳ್ಳುತ್ತಾಳೆ. ಹೊರಗಿನವರು ಬೈಯುವುದನ್ನು ನಿಲ್ಲಿಸಿದ ಮೇಲೂ ಒಳಗಿನ ಆ ಬೈಗುಳ ನಿಲ್ಲುವುದಿಲ್ಲ.

ಇದರ ಮೊದಲ ಫಲ ನಾಚಿಕೆ. ಎರಡನೆಯದು ಭಯ. ಮರೆಯುತ್ತೇನೆಂಬ ಭಯದಿಂದ ಅವಳು ಪಾಟಿಚೀಲವನ್ನು ರಾತ್ರಿ ಮೂರು ಸಲ ಬಿಚ್ಚಿ ನೋಡುತ್ತಾಳೆ. ಗೆಳತಿಯ ವಹಿಯನ್ನು ನೋಡಿ ಬರೆದುಕೊಂಡು, ತಿಳಿಯದಿದ್ದರೂ ತಿಳಿದವಳಂತೆ ತಲೆಯಾಡಿಸುತ್ತಾಳೆ. ಇತರರು ಒಂದು ತಾಸಿನಲ್ಲಿ ಮುಗಿಸುವ ಅಭ್ಯಾಸಕ್ಕಾಗಿ ಮಧ್ಯರಾತ್ರಿಯವರೆಗೆ ಎಚ್ಚರವಿರುತ್ತಾಳೆ. ಗುಣಗಳು ಚೆನ್ನಾಗಿಯೇ ಬರುತ್ತವೆ. 'ಜಾಣಿ ಇದ್ದಾಳ, ಆದ್ರ ಅಲಕ್ಷ್ಯ ಮಾಡ್ತಾಳ' ಎಂದು ಅಕ್ಕೋರು ಹೇಳುತ್ತಾರೆ. ಆ ಗುಣಗಳಿಗೆ ಅವಳು ತೆತ್ತ ಬೆಲೆ ಯಾರಿಗೂ ಕಾಣುವುದಿಲ್ಲ. ಜಾಣ ಹುಡುಗಿಯರಲ್ಲಿ ಈ ತೊಂದರೆ ತಡವಾಗಿ ಗುರುತಾಗುವುದಕ್ಕೆ ಈ ಮರೆಮಾಚುವಿಕೆಯೇ ದೊಡ್ಡ ಕಾರಣ.

ಮೂರನೆಯದು ಸಂಬಂಧಗಳಲ್ಲಿ ಬೀಳುವ ಬಿರುಕು. ಗೆಳತಿಯರ ಮಾತಿನ ನಡುವೆ ಬಾಯಿ ಹಾಕುತ್ತಾಳೆ, ಕೊಟ್ಟ ಮಾತನ್ನು ಮರೆಯುತ್ತಾಳೆ, ಸಣ್ಣದಕ್ಕೆ ಸಿಡುಕಿ ಮರುಗಳಿಗೆಯಲ್ಲಿ ಅಳುತ್ತಾಳೆ. ಭಾವನೆಗಳ ಏರಿಳಿತವನ್ನು ತಡೆಯುವ ಶಕ್ತಿಯೂ ಈ ಸ್ಥಿತಿಯಲ್ಲಿ ಅನೇಕರಿಗೆ ಕಡಿಮೆ ಇರುತ್ತದೆ. ಒಂದು ಸಣ್ಣ ಟೀಕೆ, ಒಬ್ಬರ ಮುಖ ಗಂಟಿಕ್ಕಿದ್ದು, ಇಷ್ಟೇ ಸಾಕು, ಅವಳಿಗೆ ಇಡೀ ದಿನ ಕತ್ತಲಾಗುತ್ತದೆ. ವರುಷಗಟ್ಟಲೆ ಆಕ್ಷೇಪವನ್ನೇ ಕೇಳಿದ ಕಿವಿ ಆಕ್ಷೇಪವಿಲ್ಲದ ಕಡೆಯೂ ಅದನ್ನೇ ಕೇಳುವುದು ಸಹಜ. ಮುಂದೆ ಇಂಥವರಲ್ಲಿ ಆತಂಕ, ಖಿನ್ನತೆ ತಲೆದೋರಿ, ವೈದ್ಯರ ಬಳಿಗೆ ಹೋದಾಗಲೂ ಖಿನ್ನತೆಗೆ ಮಾತ್ರ ಮದ್ದು ದೊರೆತು, ಬೇರಿನಲ್ಲಿದ್ದ ಕಾರಣ ಬೇರಿನಲ್ಲೇ ಉಳಿಯುವುದುಂಟು.

ಇದು ಬರಿಯ ಭಾವುಕತೆಯ ಮಾತಲ್ಲವೆಂಬುದಕ್ಕೆ ಅಮೆರಿಕದ ಬರ್ಕ್ಲಿಯ ಅಧ್ಯಯನವೊಂದು ಸಾಕ್ಷಿಯಾಗಿದೆ. ಸ್ಟೀಫನ್ ಹಿನ್‌ಶಾ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದ ಕೊನೆಯಲ್ಲಿ 6ರಿಂದ 12 ವರುಷದೊಳಗಿನ, ಈ ತೊಂದರೆಯಿದ್ದ 140 ಹುಡುಗಿಯರನ್ನೂ ಇಲ್ಲದಿದ್ದ 88 ಹುಡುಗಿಯರನ್ನೂ ಆಯ್ದುಕೊಂಡು, ಅವರ ಬೆಳವಣಿಗೆಯನ್ನು ವರುಷಗಟ್ಟಲೆ ಅನುಸರಿಸಿದರು. ಹತ್ತು ವರುಷದ ಅನಂತರದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ಅವಧಾನದ ಕೊರತೆ, ಅತಿಚಟುವಟಿಕೆ ಎರಡೂ ಇದ್ದ ಹುಡುಗಿಯರಲ್ಲಿ ನೂರಕ್ಕೆ ಸುಮಾರು 22 ಮಂದಿ ಪ್ರಾಯಕ್ಕೆ ಬರುವಷ್ಟರಲ್ಲಿ ಜೀವ ಕಳೆದುಕೊಳ್ಳುವ ಯತ್ನ ಮಾಡಿದ್ದರು. ತೊಂದರೆಯಿಲ್ಲದವರಲ್ಲಿ ಆ ಸಂಖ್ಯೆ ಸುಮಾರು 6. ಇವರೆಲ್ಲ ಬಾಲ್ಯದಲ್ಲೇ ತಜ್ಞರ ಕಣ್ಣಿಗೆ ಬಿದ್ದ ಹುಡುಗಿಯರೆಂಬುದನ್ನು ನೆನಪಿನಲ್ಲಿಡಬೇಕು. ಗುರುತೇ ಸಿಗದ ಹುಡುಗಿಯರು ಇಂಥ ಲೆಕ್ಕಗಳಿಗೆ ಬರುವುದೇ ಇಲ್ಲ.

ನಮ್ಮ ಕಡೆಗೆ ಇದಕ್ಕೆ ಇನ್ನೊಂದು ಮುಖವೂ ಇದೆ. ಎಸ್.ಎಸ್.ಎಲ್.ಸಿ.ವರೆಗೆ ಅವ್ವನ ಕಾವಲು, ಮಾಸ್ತರರ ಗದರಿಕೆ, ಊರಿನ ನಿಯಮ ಇವುಗಳ ಆಸರೆಯಲ್ಲಿ ಹೇಗೋ ದಾಟಿ ಬಂದ ಹುಡುಗಿ, ಪಿ.ಯು.ಸಿ.ಗೆಂದು ವಿಜಯಪುರದ ವಸತಿಗೃಹಕ್ಕೆ ಬಂದಾಗ ಆ ಆಸರೆಗಳೆಲ್ಲ ಒಮ್ಮೆಲೆ ಕಳಚುತ್ತವೆ. ಸಮಯಕ್ಕೆ ಏಳುವುದು, ಪಾಠಗಳನ್ನು ಹಂಚಿಕೊಂಡು ಓದುವುದು, ಹಣ ಎಣಿಸಿ ಖರ್ಚು ಮಾಡುವುದು ಎಲ್ಲವೂ ಅವಳ ಮೇಲೆಯೇ ಬೀಳುತ್ತದೆ. ಜಾಣೆಯೆನಿಸಿದವಳು ಎರಡು ವಿಷಯಗಳಲ್ಲಿ ನಪಾಸಾಗುತ್ತಾಳೆ. 'ಆಕಿಗೆ ಓದು ಹತ್ತೂದಿಲ್ಲ, ಲಗ್ನ ಮಾಡಿಬಿಡೂಣು' ಎಂಬ ಮಾತು ಮನೆಯಲ್ಲಿ ಏಳುತ್ತದೆ. 2006ರ ಕಾಯಿದೆ 18 ತುಂಬದ ಹುಡುಗಿಯ ಮದುವೆಯನ್ನು ನಿಷೇಧಿಸಿದೆ. ಆದರೂ ನಮ್ಮ ಭಾಗದಲ್ಲಿ ಆ ಪಿಡುಗು ಪೂರ್ತಿ ನಿಂತಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವೇ ಇರುವ ಜಿಲ್ಲೆಯಲ್ಲಿ, ಗುರುತಿಸದೆ ಬಿಟ್ಟ ಒಂದು ಕೊರತೆಗಾಗಿ ಹುಡುಗಿಯೊಬ್ಬಳು ವಿದ್ಯೆಯನ್ನೇ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಲಕ್ಷ್ಯವಿಲ್ಲದ ಹುಡುಗಿಯರಿಗೆಲ್ಲ ಈ ತೊಂದರೆ ಇದೆಯೆಂದು ಭಾವಿಸಬಾರದು. ರಕ್ತಹೀನತೆ ನಮ್ಮ ಹುಡುಗಿಯರಲ್ಲಿ ಬಹಳ ಹೆಚ್ಚು, ಅದರಿಂದಲೂ ಮನಸ್ಸು ಮಂಕಾಗುತ್ತದೆ. ಥೈರಾಯ್ಡಿನ ದೋಷ, ಕಣ್ಣುಕಿವಿಗಳ ದೋಷ, ನಿದ್ರೆಯ ಕೊರತೆ ಇವೂ ಕಾರಣವಾಗಬಹುದು. ಕ್ಷಣಕಾಲ ಕಣ್ಣು ನೆಟ್ಟು ಮಾತು ನಿಲ್ಲುವುದು ಒಂದು ಬಗೆಯ ಮೂರ್ಛೆರೋಗದ ಲಕ್ಷಣವೂ ಆಗಿರಬಹುದು. ಮನೆಯ ಜಗಳ, ಸಾವಿನ ದುಃಖ, ಯಾರಿಗೂ ಹೇಳಲಾರದ ದೌರ್ಜನ್ಯ ಇವುಗಳಿಂದಲೂ ಮಗು ಹಾಗೆ ಆಗಬಹುದು. ಆದ್ದರಿಂದ ನಿರ್ಣಯ ವೈದ್ಯರದೇ ಆಗಬೇಕು. ನೆರೆಯವರು, ನೆಂಟರು ಹೇಳಿದ್ದನ್ನು ನಂಬಿ ಹೆಸರಿಡಬಾರದು. ಮೊದಲೇ ಹೆಸರುಗಳಿಂದ ನೊಂದವಳಿಗೆ ಇನ್ನೊಂದು ತಪ್ಪು ಹೆಸರು ಬೇಡ.

'ಇದು ಪಶ್ಚಿಮದವರು ಹಚ್ಚಿದ ಹೊಸ ರೋಗ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?' ಎಂದು ಕೇಳುವ ಹಿರಿಯರುಂಟು. ಹೆಸರು ಹೊಸದು, ಹುಡುಗಿ ಹೊಸಬಳಲ್ಲ. ಮಗಳಿಗೆ ನಿರ್ಣಯವಾದಾಗ ವೈದ್ಯರ ಮುಂದೆ ಕೂತ ತಾಯಿ, 'ನಾನೂ ಹಿಂಗ ಇದ್ದೆರಿ' ಎನ್ನುವುದು ಇಂಥ ಚಿಕಿತ್ಸಾಲಯಗಳಿಗೆ ಅಪರಿಚಿತವಲ್ಲ. ವಂಶದಲ್ಲಿ ಬರುವ ಸ್ಥಿತಿಯಾದ್ದರಿಂದ ಅದು ಸಹಜವೇ. ನಲವತ್ತರ ಹರೆಯದಲ್ಲಿ ಕಾರಣ ತಿಳಿದ ಹೆಂಗಸರು ಮೊದಲು ಹಗುರವಾಗುತ್ತಾರೆ, ಬಳಿಕ ಕಳೆದುಹೋದ ವರುಷಗಳಿಗಾಗಿ ದುಃಖಿಸುತ್ತಾರೆ. ಎರಡೂ ನ್ಯಾಯವಾದ ಭಾವಗಳೇ. ಇನ್ನು ಕೆಲವರು, 'ಕಾರಣ ಹೇಳಿಕೊಟ್ಟರೆ ಹುಡುಗಿ ಅದನ್ನೇ ನೆಪ ಮಾಡಿಕೊಳ್ಳುತ್ತಾಳೆ' ಎನ್ನುತ್ತಾರೆ. ಚಾಳೀಸು ಹಾಕಿಕೊಂಡವರು ಓದದಿರುವುದಕ್ಕೆ ಅದನ್ನು ನೆಪ ಮಾಡಿಕೊಳ್ಳುವುದಿಲ್ಲ. ಚಾಳೀಸು ಬಂದದ್ದರಿಂದಲೇ ಅವರು ಓದುತ್ತಾರೆ.

ಹಾಗಾದರೆ ಎಲ್ಲಿಗೆ ಹೋಗಬೇಕು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರುಷದವರೆಗಿನ ಮಕ್ಕಳಲ್ಲಿ ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎ.ಡಿ.ಎಚ್.ಡಿ.ಯೂ ಸೇರಿದೆ. ಅದರ ವೈದ್ಯತಂಡ ಶಾಲೆಗೆ ಬಂದಾಗ ಹಲ್ಲು, ಕಣ್ಣು ತೋರಿಸುವಂತೆ ಇದನ್ನೂ ಹೇಳಬಹುದು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ಕನ್ನಡಿಗರು ಅಭಿಮಾನಪಡುವ ಸಂಗತಿ. ಆ ಕಾರ್ಯಕ್ರಮದ ಪ್ರಯೋಜನವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಪಡೆಯಬಹುದು. ವಿಜಯಪುರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ನಡೆದಿದೆ. 14416 ಎಂಬ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಜೀವ ಬೇಡವೆನ್ನುವ ಮಾತು ಹುಡುಗಿಯ ಬಾಯಿಂದ ಬಂದರಂತೂ ಒಂದು ದಿನವೂ ತಡಮಾಡಬಾರದು.

ಔಷಧಿ ಬೇಕೋ ಬೇಡವೋ ಎಂಬುದನ್ನು ವೈದ್ಯರು ನಿಶ್ಚಯಿಸುತ್ತಾರೆ. ಮನೆಯಲ್ಲಿ, ಶಾಲೆಯಲ್ಲಿ ಮಾಡಬಹುದಾದದ್ದೂ ಸಾಕಷ್ಟಿದೆ. ಐದು ಕೆಲಸವನ್ನು ಒಂದೇ ಉಸುರಿಗೆ ಹೇಳದೆ, ಒಂದು ಮುಗಿದ ಮೇಲೆ ಇನ್ನೊಂದನ್ನು ಹೇಳಬೇಕು. ಹೇಳಿದ್ದನ್ನು ಗೋಡೆಯ ಮೇಲೆ ಬರೆದು ಅಂಟಿಸಬೇಕು. ಕೀಲಿಗೊಂದು ಮೊಳೆ, ಪುಸ್ತಕಕ್ಕೊಂದು ಗೂಡು ಗೊತ್ತುಮಾಡಬೇಕು. ತರಗತಿಯಲ್ಲಿ ಅವಳನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, ದೊಡ್ಡ ಪಾಠವನ್ನು ಸಣ್ಣ ತುಂಡುಗಳಾಗಿ ಕೊಡಬೇಕು. ನಡುನಡುವೆ ಎದ್ದು ಓಡಾಡುವ ಒಂದು ಕೆಲಸ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವಳು ಮಾಡಿ ಮುಗಿಸಿದ್ದನ್ನು ಕಂಡು ಆಗಲೇ ಹೊಗಳಬೇಕು. ತಪ್ಪನ್ನು ತಿದ್ದುವಾಗ ತಪ್ಪಿನ ಹೆಸರು ಹೇಳಬೇಕು, ಅವಳಿಗೆ ಹೆಸರಿಡಬಾರದು. 'ಕೀಲಿ ಹಾಕೂದು ಮರೆತಿ' ಎಂಬುದು ತಿದ್ದುವ ಮಾತು. 'ನೀ ಮರಗುಳಿ' ಎಂಬುದು ಶಾಪ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ನಿರ್ದಿಷ್ಟ ಕಲಿಕಾ ನ್ಯೂನತೆ ಆ ಪಟ್ಟಿಯಲ್ಲಿದೆ, ಎ.ಡಿ.ಎಚ್.ಡಿ. ಪ್ರತ್ಯೇಕವಾಗಿ ಸೇರಿಲ್ಲ. ಅದಕ್ಕಾಗಿ ಒತ್ತಾಯಿಸುವ ಕೆಲಸ ದೊಡ್ಡವರದು, ಅದಕ್ಕೆ ಕಾಲ ಹಿಡಿಯಬಹುದು. ಮನೆಯ ಭಾಷೆಯನ್ನು ಬದಲಿಸಿಕೊಳ್ಳುವುದಕ್ಕೆ ಯಾವ ಕಾಯಿದೆಯೂ ಬೇಕಿಲ್ಲ. ಜೀವಮಾನವೆಲ್ಲ ಕನ್ನಡ ಶಬ್ದಗಳ ಜೊತೆಯಲ್ಲೇ ಕಳೆದವನಾದ್ದರಿಂದ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ: ಮಗುವಿನ ಮೇಲೆ ಆಡಿದ ಶಬ್ದ ಗಾಳಿಯಲ್ಲಿ ಕರಗುವುದಿಲ್ಲ. 'ಲಕ್ಷ್ಯವಿಲ್ಲದ ಹುಡುಗಿ' ಎಂದು ನಾವು ಅನ್ನುತ್ತೇವೆ. ಆ ನುಡಿಗಟ್ಟಿಗೆ ಎರಡು ಅರ್ಥವಿದೆ. ಲಕ್ಷ್ಯ ಅವಳಲ್ಲಿ ಇಲ್ಲವೆಂಬುದು ಒಂದು, ಅವಳ ಮೇಲೆ ಯಾರ ಲಕ್ಷ್ಯವೂ ಇಲ್ಲವೆಂಬುದು ಇನ್ನೊಂದು. ಮೊದಲನೆಯದಕ್ಕೆ ವೈದ್ಯರ ನೆರವು ಬೇಕು. ಎರಡನೆಯದನ್ನು ಈ ಮಾತು ಕೇಳುತ್ತಿರುವ ತಾಯಂದಿರು, ತಂದೆಯರು, ಶಿಕ್ಷಕರು ಇಂದಿನಿಂದಲೇ ಸರಿಪಡಿಸಬಹುದು. ನಿಮ್ಮ ಓಣಿಯಲ್ಲಿ, ನಿಮ್ಮ ತರಗತಿಯಲ್ಲಿ ಅಂಥ ಹುಡುಗಿಯೊಬ್ಬಳಿದ್ದರೆ ಒಂದು ತಿಂಗಳು ಅವಳನ್ನು ಬೈಯದೆ ಗಮನಿಸಿರಿ, ಕಂಡದ್ದನ್ನು ಬರೆದಿಡಿರಿ, ಆ ಹಾಳೆಯನ್ನು ಹಿಡಿದುಕೊಂಡು ವೈದ್ಯರ ಬಳಿಗೆ ಹೋಗಿರಿ ಎಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.